ಅರ್ಜಿಯಲ್ಲೊಂದು ಅಕ್ಷರ

ಜಯನಗರದಲ್ಲಿ ನಮ್ಮ ಮನೆಯ ಎದುರು, ಪಾಂಡಿಚೇರಿಯಿಂದ ಬಂದು ನೆಲೆಸಿದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಮುಗಿಸಿದ್ದೆ, ಮನೆಯಲ್ಲಿ ಗಂಡು ಹುಡುಕುತ್ತಿದ್ದರು. ಸುಮ್ಮನೆ ಕೂರಲಾಗದೆ ಮೇಷ್ಟ್ರ ಹತ್ತಿರ ಫ್ರೆಂಚ್ ಕಲಿಯಲು ಹೋದೆ. ಎರಡು ವರ್ಷ ಬಿಡದೆ ಹೋದೆ.

ನನ್ನ ತಲೆಗೆ ಹತ್ತದಿದ್ದದ್ದು ಗುಣವಾಚಕ. ನಮ್ಮಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಕುರ್ಚಿ. ಯಾರ ಮುಂದೆ ಬಂದರೂ ‘ಒಳ್ಳೆಯ’ ಹಾಗೆಯೇ ಇರುತ್ತದೆ. ಫ್ರೆಂಚಿನಲ್ಲಿ ಮೇಜು ಹೆಣ್ಣು, ಸುತ್ತಿಗೆ ಗಂಡು. ಗುಣವಾಚಕವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಹೆಣ್ಣಾದರೆ ಸಾಮಾನ್ಯವಾಗಿ ಕೊನೆಗೊಂದು ‘ಇ’ (e) ಅಕ್ಷರ ಸೇರುತ್ತದೆ.

ಆಗ ಹೊಸೂರು ರಸ್ತೆಯ ಕಾರ್ಖಾನೆಯೊಂದು ಫ್ರಾನ್ಸಿನಿಂದ ಯಂತ್ರ ತರಿಸಿತ್ತು. ಕೈಪಿಡಿಯನ್ನು ಇಂಗ್ಲಿಷಿಗೆ ತರುವವರು ಬೇಕು, ಅರ್ಜಿ ಫ್ರೆಂಚಿನಲ್ಲೇ ಇರಲಿ ಎಂದು ಜಾಹೀರಾತು ಬಂತು. ‘ನಾನು ಕೆಲಸಕ್ಕೆ ಸಿದ್ಧ’ ಎಂದು ಬರೆದು, ಹೆಸರಿನ ಬದಲು ಇನಿಷಿಯಲ್ ಹಾಕಿ, ಮೇಷ್ಟ್ರಿಗೆ ತೋರಿಸಿದೆ.

“‘ಸಿದ್ಧ’ದಲ್ಲಿ ‘ಇ’ ಬಿಟ್ಟಿದೀಯಮ್ಮ.”

“ಬೇಕಂತಲೇ ಬಿಟ್ಟೆ ಸಾರ್. ಹಾಕಿದ್ರೆ ಹೆಂಗಸು ಅಂತ ಗೊತ್ತಾಗತ್ತೆ. ಕರೆಯೋದೇ ಇಲ್ಲ.”

“ಬಿಟ್ರೆ, ನಿನ್ನ ನೋಡಿದ ದಿನ ಫ್ರೆಂಚ್ ಬರಲ್ಲ ಅಂತ ಗೊತ್ತಾಗತ್ತೆ. ಯಾವುದು ವಾಸಿ, ನೀನೇ ನೋಡ್ಕೊ.”

ಎರಡು ದಿನ ಯೋಚಿಸಿ, ‘ಇ’ ಸೇರಿಸಿ ಅಂಚೆಗೆ ಹಾಕಿದೆ. ಸಂದರ್ಶನದ ಪತ್ರ ಬಂತು, ‘ಶ್ರೀಯುತ’ರಿಗೆ.

ಮ್ಯಾನೇಜರು ನನ್ನನ್ನು ನೋಡಿ, ನನ್ನ ಅರ್ಜಿಯನ್ನು ಹುಡುಕಿ ಮೇಜಿನ ಮೇಲಿಟ್ಟರು. “ನಾವು ಗಂಡಸ್ರು ಬರ್ತಾರೆ ಅಂದ್ಕೊಂಡಿದ್ವಿ. ಅರ್ಜಿಯಲ್ಲೇ ಹೇಳ್ಬೇಕಿತ್ತು ನೀವು.”

“ಹೇಳಿದೀನಿ ಸಾರ್. ಈ ಪದದ ಕೊನೇಲಿ.” ಬೆರಳಿಟ್ಟು ತೋರಿಸಿದೆ.

ಅವರು ನಗಲಿಲ್ಲ. ಎಂಜಿನಿಯರನ್ನು ಕರೆಸಿದರು. ಆತ ಕೈಪಿಡಿಯ ಹಾಳೆಯೊಂದನ್ನು ಮುಂದಿಟ್ಟ. ನಿಘಂಟು ನೋಡಿ ‘ಚಕ್ರದ ಹಸಿರು ಲಿವರ್’ ಎಂದು ಅರ್ಥ ಮಾಡಿಕೊಂಡಿದ್ದರಂತೆ. ಯಂತ್ರದಲ್ಲಿದ್ದ ಲಿವರುಗಳೆಲ್ಲ ಕಪ್ಪು. ಒಂದು ವಾರದಿಂದ ಕೆಲಸ ನಿಂತಿತ್ತು.

ಲಿವರ್ ಗಂಡು, ಚಕ್ರ ಹೆಣ್ಣು. ‘ಹಸಿರು’ ಎಂಬ ಪದಕ್ಕೆ ‘ಇ’ ಇತ್ತು.

“ಹಸಿರು ಬಣ್ಣ ಚಕ್ರದ್ದು ಸಾರ್, ಲಿವರ್‌ದಲ್ಲ. ಹಸಿರು ಚಕ್ರದ ಲಿವರ್ ಅಂತ.”

ಎಂಜಿನಿಯರು ಎದ್ದು ಹೋದ. ಹತ್ತು ನಿಮಿಷಕ್ಕೆ ಬಂದು, “ಹಿಂದ್ಗಡೆ ಒಂದು ಹಸಿರು ಚಕ್ರ ಇದೆ ಸಾರ್,” ಎಂದ.

ಮೂರು ತಿಂಗಳಿಗೆಂದು ತೆಗೆದುಕೊಂಡರು. ಹತ್ತೊಂಬತ್ತು ವರ್ಷ ಇದ್ದೆ. ಮೇಷ್ಟ್ರಿಗೆ ಸುದ್ದಿ ಹೇಳಿದಾಗ ಅವರು ಹೊಗಳಲಿಲ್ಲ. ತಾವು ಯಂತ್ರದ ಪುಸ್ತಕ ಓದಿಯೇ ಇಲ್ಲ, ಒಂದು ಸಲ ತರ್ತೀಯಾ ಎಂದು ಕೇಳಿದರು. ಅಪ್ಪಣೆ ಪಡೆದು ಒಂದು ಭಾನುವಾರ ಒಯ್ದೆ. ಅವರಿಗೂ ಎಷ್ಟೋ ಪದ ಗೊತ್ತಿರಲಿಲ್ಲ. ಊಟದ ಹೊತ್ತು ಮೀರುವವರೆಗೆ ಇಬ್ಬರೂ ನಿಘಂಟು ತಿರುವುತ್ತ ಕುಳಿತಿದ್ದೆವು.