ತಂಬಿಗೆ ಎಂದು ಬರೆದಿದ್ದ ಡಬ್ಬ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಎಗ್ಮೋರ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು. ದೊಡ್ಡಪ್ಪ ತೀರಿಕೊಂಡ ಹದಿಮೂರನೆಯ ದಿನದ ಮಧ್ಯಾಹ್ನ ಅದು. ನೆಂಟರೆಲ್ಲ ಉಂಡು ಹೋಗಿದ್ದರು. ಉಳಿದವರು ಅಪ್ಪ, ಅಮ್ಮ, ಅಕ್ಕ, ನಾನು. ಬಾಳೆ ಎಲೆಯ ವಾಸನೆಯ ಜೊತೆಗೆ ರೈಲಿನ ಕಲ್ಲಿದ್ದಲ ಹೊಗೆಯೂ ಮನೆಯೊಳಗೆ ಬಂದು ಕೂತಿತ್ತು.

ದೊಡ್ಡಪ್ಪ ಬರ್ಮಾದ ಯುದ್ಧಕ್ಕೆ ಹೋಗಿಬಂದವರು. ಮದುವೆಯಾಗದೆ ನಮ್ಮ ಜೊತೆಗೇ ಇದ್ದರು. ಹಾಲು ತರಲು ಹೊರಟರೂ ನನ್ನನ್ನೂ ಅಕ್ಕನನ್ನೂ ಲೆಫ್ಟ್ ರೈಟ್ ಎಂದು ನಡೆಸಿಕೊಂಡು ಹೋಗಿ, ಎಮ್ಮೆಯ ಎದುರು ಹಾಲ್ಟ್ ಎನ್ನುತ್ತಿದ್ದರು. ಅವರ ಕೋಣೆಯಲ್ಲಿ ತಗಡಿನ ಡಬ್ಬಗಳ ಸಾಲು. ಒಂದೊಂದರ ಮೇಲೂ ಬಿಳಿ ಬಣ್ಣದ ಕನ್ನಡ ಅಕ್ಷರ: ಗುಂಡಿ, ದಾರ, ಬೂಟ್ ಪಾಲಿಷ್. ಯುದ್ಧದ ಕಥೆ ಹೇಳಿ ಎಂದರೆ ಬಂದೂಕಿನ ಸುದ್ದಿಯೇ ಇಲ್ಲ. ಮಳೆಯಲ್ಲಿ ನೆನೆಯುತ್ತ ತಂಬಿಯ ಜೊತೆ ಒಂದೇ ಮಗ್ಗಿನಲ್ಲಿ ಟೀ ಕುಡಿದದ್ದನ್ನೇ ಹೇಳುತ್ತಿದ್ದರು. ತಂಬಿ ಎಂದರೆ ತಮಿಳಿನಲ್ಲಿ ತಮ್ಮ; ಜೊತೆಗಿದ್ದ ಸಿಪಾಯಿಯನ್ನು ದೊಡ್ಡಪ್ಪ ಹಾಗೆ ಕರೆಯುತ್ತಿದ್ದರು.

ಆ ತಂಬಿಯೇ ಅಂದು ಎಣ್ಣೂರಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. “ಅಣ್ಣ ನನ್ನ ಪಟಾಲಂ ಕಾಗದ ವಾಂಗಿ, ತರಿಸಿ ಇಡ್ತೀನಿ ಅಂದಿದ್ರು ಸಾರ್. ನಾಳೆ ತೋರಿಸಿಲ್ಲಾಂದ್ರೆ ವಾಚ್‌ಮನ್ ಕೆಲಸ ಬೇರೆಯವರಿಗೆ,” ಎಂದು ದೊಡ್ಡಪ್ಪ ಕಲಿಸಿದ ಕನ್ನಡಕ್ಕೆ ತಮಿಳು ಬೆರೆಸಿ ಹೇಳಿದರು. ಸೈನ್ಯ ಬಿಟ್ಟಾಗ ಕೊಟ್ಟ ಕಾಗದ ಬಿರುಗಾಳಿಯಲ್ಲಿ ಗುಡಿಸಲಿನ ಜೊತೆ ಹಾರಿಹೋಗಿತ್ತಂತೆ. ದೊಡ್ಡಪ್ಪ ಅರ್ಜಿ ಬರೆದು ಇನ್ನೊಂದು ಪ್ರತಿ ತರಿಸಿದ್ದರಂತೆ.

ಅಪ್ಪ ಬೀರು, ಟ್ರಂಕು, ಹಾಸಿಗೆಯ ಅಡಿ ಎಲ್ಲ ಹುಡುಕಿದರು. ಸಿಗಲಿಲ್ಲ. ತಂಬಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು.

“ಏ, ತಂಬಿಗೆ ನೀರು ಕೊಡೇ,” ಎಂದರು ಅಮ್ಮ ನನಗೆ.

ಒಂದು ತಂಬಿಗೆ ನೀರು ಬೇಕೇನೋ ಎಂದುಕೊಂಡೆ ನಾನು. ಪಾತ್ರೆಗಳೆಲ್ಲ ತೊಳೆಯಲು ಹಿತ್ತಲಿಗೆ ಹೋಗಿದ್ದವು. ದೊಡ್ಡಪ್ಪನ ಸಾಲಿನ ಕೊನೆಯ ಡಬ್ಬದ ಮೇಲೆ ‘ತಂಬಿಗೆ’ ಎಂದಿತ್ತು. ತೆರೆದರೆ ಒಳಗೆ ಬರೀ ಒಂದು ಲಕೋಟೆ.

“ಇದ್ರಲ್ಲಿ ತಂಬಿಗೆ ಇಲ್ಲಮ್ಮ, ಕಾಗದ ಇದೆ,” ಎಂದು ಕೂಗಿದೆ.

ಅಪ್ಪ ಒಮ್ಮೆ ಡಬ್ಬವನ್ನೂ ಒಮ್ಮೆ ತಂಬಿಯನ್ನೂ ನೋಡಿದರು. “ಆಗಿಂದ ಮೂರು ಸಲ ಇದನ್ನ ಸರಿಸಿಟ್ಟೆ ಕಣೇ, ಚೊಂಬು ಅಂದ್ಕೊಂಡು. ಅಣ್ಣ ಬರೆದಿದ್ದು ಇವನಿಗೆ ಅಂತ.”

“ನಮ್ಮನೇಲಿ ಯಾರಿಗೂ ಕನ್ನಡಾನೂ ನೆಟ್ಟಗೆ ಬರಲ್ಲ, ತಮಿಳೂ ಬರಲ್ಲ,” ಎಂದಳು ಅಕ್ಕ. ದೊಡ್ಡಪ್ಪ ಹೋದಮೇಲೆ ಅಮ್ಮ ನಕ್ಕಿದ್ದು ಅಂದೇ ಮೊದಲು.

ಮೊಮ್ಮಕ್ಕಳೇ, ಶೋಳಿಂಗನಲ್ಲೂರಿನ ನಿಮ್ಮ ಮನೆಯಲ್ಲಿ ಈಗ ಕಾಗದವೆಲ್ಲ ಫೋನಿನೊಳಗೆ, ನೀರು ಬಾಟಲಿಯೊಳಗೆ. ತಂಬಿಗೆ ಎಂದರೇನು ಅಜ್ಜಿ ಎಂದು ನೀವು ತಮಿಳಿನಲ್ಲೇ ಕೇಳುತ್ತೀರಿ. ಕೇಳಿ ಮಕ್ಕಳೇ, ಬೇಜಾರಿಲ್ಲ. ನಾವೂ ಎರಡು ಭಾಷೆಗಳ ನಡುವೆ ಎಡವುತ್ತಲೇ ಬೆಳೆದವರು.

ತಿಂಗಳಾದ ಮೇಲೆ ತಂಬಿ ಖಾಕಿ ಅಂಗಿ ತೊಟ್ಟು ಬಂದು ದೊಡ್ಡಪ್ಪನ ಪಟದೆದುರು ನಿಂತರು. ಸೆಲ್ಯೂಟ್ ಹೊಡೆಯುತ್ತಾರೆಂದು ನಾನೂ ಅಕ್ಕನೂ ಕಾದೆವು. ಹೊಡೆಯಲಿಲ್ಲ. “ಅಣ್ಣಾ, ಹಗಲು ಪಾಳಿ ಕೊಟ್ಟಿದ್ದಾರೆ,” ಎಂದು ಹೇಳಿ, ಅಮ್ಮ ಹಾಕಿದ ಎಲೆಯ ಮುಂದೆ ಊಟಕ್ಕೆ ಕೂತರು.