ಬಾಯಿ ತೆರೆದು ಮಾಡಿದ ನಮಸ್ಕಾರ

ನಾನು ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ನೋವಿನ ಮಾತ್ರೆಯನ್ನು ನಶೆಗೆ ನುಂಗಿ ನುಂಗಿ ಚಟಕ್ಕೆ ಬಿದ್ದಿದ್ದ ಗೂಳೂರು ಕಡೆಯ ಬಸುರಿ ಹುಡುಗಿಯೊಬ್ಬಳು ದಿನಾ ಬರ್ತಿದ್ದಳು. ಚಟ ಬಿಡಿಸೋ ಮಾತ್ರೆ ನಾಲಿಗೆ ಕೆಳಗಿಟ್ಟುಕೊಂಡು, ಕರಗಿದ ಮೇಲೆ ಬಾಯಿ ತೆರೆದು ನನಗೆ ತೋರಿಸಬೇಕು. ಮಾತ್ರೆ ಬಚ್ಚಿಟ್ಕೊಂಡು ಹೋಗಬಾರದಲ್ಲ, ಅದಕ್ಕೇ ನಮ್ಮ ಈ ರೂಲ್ಸು.

ಒಂದಿನ ಅವಳು ನಾಲಿಗೆ ಕೆಳಗೆ ಮಾತ್ರೆ ಇಟ್ಕೊಂಡು ಕೂತಿದ್ದಾಗಲೇ ಅವಳ ಅತ್ತೆ ಪೊಲೀಸಮ್ಮನನ್ನೇ ಕರ್ಕೊಂಡು ಬಂದ್ರು. "ನಶೆ ಮಾತ್ರೆ ನುಂಗಿ ಹೊಟ್ಟೇಲಿರೋ ಮಗೀಗೆ ವಿಷ ಹಾಕವ್ಳೆ, ಮೊದ್ಲು ಒಳಗಾಕಿ ಇವಳ್ನ" ಅಂತ ಕೂಗಾಡಿದ್ರು.

ನನಗೆ ಉರಿದುಹೋಯ್ತು. "ಮೇಡಂ, ಇವಳನ್ನ ಒಳಗೆ ಹಾಕಿದ್ರೆ ನಾಳೆಯಿಂದ ಇಂಥ ಒಬ್ಬಳೂ ಆಸ್ಪತ್ರೆ ಮೆಟ್ಲು ಹತ್ತಲ್ಲ. ಚಟ ಬಿಡೋಕೆ ದಿನಾ ಬಂದು ಮಾತ್ರೆ ಕರಗಿಸಿ ಬಾಯಿ ತೋರಿಸಿ ಹೋಗ್ತಾಳೆ, ಒಂದಿನಾನೂ ತಪ್ಪಿಸಿಲ್ಲ, ರಿಜಿಸ್ಟರ್ ನೋಡಿ" ಅಂದೆ.

ಪೊಲೀಸಮ್ಮ ರಿಜಿಸ್ಟರ್ ಕಡೆ ತಿರುಗೋದರೊಳಗೆ ಆ ಹುಡುಗಿ ಗಾಬರಿಯಲ್ಲಿ ಅವರ ಮುಂದೇನೇ 'ಆ' ಅಂತ ಬಾಯಿ ತೆರೆದು ನಿಂತಳು. ಅವರು ಬಗ್ಗಿ ನೋಡಿದ್ರು. "ಕರಗಿದೆ. ನಾಳೇನೂ ಬಾಮ್ಮ" ಅಂದು ಅತ್ತೆಯನ್ನ ಕರ್ಕೊಂಡು ಹೊರಟೇಬಿಟ್ರು.

ಮೊನ್ನೆ ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ಅವಳು ಕಂಡಳು, ಕಂಕುಳಲ್ಲಿ ದುಂಡಗಿನ ಮಗು. ನಮಸ್ಕಾರ ಇಲ್ಲ, ಏನಿಲ್ಲ. ಅಷ್ಟು ಜನರ ಮಧ್ಯೆ ದೂರದಿಂದಲೇ ಬಾಯಿ ತೆರೆದು ತೋರಿಸಿದಳು. ಪಕ್ಕದವರು ನನ್ನನ್ನ ಹಲ್ಲಿನ ಡಾಕ್ಟರು ಅಂದ್ಕೊಂಡಿರಬೇಕು. ಅಂದ್ಕೊಳ್ಳಲಿ ಬಿಡಿ, ಆವತ್ತು ನನ್ನಷ್ಟು ಬೀಗಿದ ನರ್ಸು ಇಡೀ ಜಿಲ್ಲೇಲಿ ಇರ್ಲಿಲ್ಲ.