ಸಿಂಗಪುರದ ಬಾಗಿಲಲ್ಲಿ ನಮ್ಮ ಯಜಮಾನರು

ರಾಜಾಜಿನಗರದ ಮನೆಗೆ ಬೀಗ ಹಾಕಿ ನಾನೂ ನಮ್ಮ ಯಜಮಾನರೂ ಹೊರಟದ್ದು ಮಗಳ ಬಾಣಂತನಕ್ಕೆ. ಮಗಳು ಗಿರಿಜಾ ಇದ್ದದ್ದು ಸಿಂಗಪುರದಲ್ಲಿ. ಅಳಿಯ ಬಸವರಾಜು ಅಲ್ಲಿ ಹಡಗು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು. ಬೆಂಗಳೂರಿನಿಂದ ಮದರಾಸಿಗೆ ರೈಲು, ಅಲ್ಲಿಂದ ಮುಂದೆ ವಿಮಾನ. ಚೀಲದಲ್ಲಿ ಅಂಟಿನುಂಡೆ, ಒಣಶುಂಠಿ, ಹಳೆಯ ಹತ್ತಿ ಸೀರೆ ಹರಿದು ಹೊಲಿದ ಕೂಸಿನ ಬಟ್ಟೆಗಳು.

ನಾನು ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವಳು. ಇಂಗ್ಲಿಷು ಬರುತ್ತಿದ್ದುದರಿಂದ ಪರದೇಶಕ್ಕೆ ಹೋಗಲು ಏನೇನು ಬೇಕೆಂದು ನಾನೇ ಅಲೆದು ವಿಚಾರಿಸಿದ್ದೆ. ಪಾಸ್‌ಪೋರ್ಟು, ವಾಪಸು ಬರುವ ಟಿಕೆಟ್ಟು, ಅಳಿಯನ ಕಾಗದ, ಸಿಡುಬಿಗೂ ಕಾಲರಾಕ್ಕೂ ಚುಚ್ಚಿಸಿಕೊಂಡ ಹಳದಿ ಪುಸ್ತಕ ಎಲ್ಲವೂ ಇದ್ದವು. ಆ ದಿನಗಳಲ್ಲಿ ಅಲ್ಲಿ ಗಂಡಸರ ತಲೆಕೂದಲಿಗೂ ಒಂದು ಕಾನೂನಿತ್ತು, ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಯಜಮಾನರಿಗೆ ವಿಜಯನಗರದಲ್ಲಿ ದಿನಸಿ ಅಂಗಡಿ. ಗಿರಿಜಾಳ ಮೊದಲ ಎರಡು ಮಕ್ಕಳೂ ಹುಟ್ಟುತ್ತಲೇ ಹೋಗಿದ್ದವು. ಮೂರನೆಯ ಸಲ ಬಸುರಿ ಎಂದು ತಿಳಿದ ದಿನ ಇವರು ಮನೆದೇವರು ವೀರಭದ್ರಸ್ವಾಮಿಗೆ ಹರಕೆ ಹೊತ್ತರು. ಹೆರಿಗೆಯಾಗುವವರೆಗೆ ತಲೆಗೆ ಕತ್ತರಿ ತಾಕಿಸುವುದಿಲ್ಲ, ಆಮೇಲೆ ಬಂದು ಮುಡಿ ಕೊಡುತ್ತೇನೆ ಎಂದು. ಮಗಳು ಇನ್ನಷ್ಟು ಹೆದರುತ್ತಾಳೆಂದು ಅದನ್ನು ಅವಳಿಗಾಗಲಿ ಅಳಿಯನಿಗಾಗಲಿ ಬರೆಯಲಿಲ್ಲ. ಹೊರಡುವ ಹೊತ್ತಿಗೆ ಕೂದಲು ಕಿವಿ ಮುಚ್ಚಿ ಕಾಲರು ದಾಟಿತ್ತು. ಅಂಗಡಿಗೆ ಬರುವ ಹುಡುಗರು 'ಹಿಪ್ಪಿ ಅಣ್ಣ' ಎಂದು ಹಿಂದಿನಿಂದ ನಗುತ್ತಿದ್ದರು. ಇವರು ಬೇಳೆ ತೂಗುತ್ತಾ ಕೇಳಿಸದವರಂತೆ ಇರುತ್ತಿದ್ದರು.

ಮದರಾಸಿನ ಸೆಕೆಗೆ ವಿಮಾನ ನಿಲ್ದಾಣ ಸೇರುವಷ್ಟರಲ್ಲೇ ಬೆವರಿನಲ್ಲಿ ತೊಯ್ದಿದ್ದೆವು. ಕೌಂಟರಿನಲ್ಲಿದ್ದವನು ಟಿಕೆಟ್ಟು ನೋಡಿದ, ಒಳಗೆ ಹೋಗಿ ಬಂದ, "ಪ್ಲೇನು ಭರ್ತಿಯಾಗಿದೆ" ಎಂದ. ನಮ್ಮ ಸೀಟು ಖಚಿತವಾಗಿದೆ ಎಂದು ಟಿಕೆಟ್ಟಿನ ಮೇಲೆಯೇ ಬರೆದಿದೆಯಲ್ಲ ಎಂದೆ.

"ಬರೆದಿದೆ ಅಮ್ಮ. ಆದರೂ ಸೀಟು ಇಲ್ಲ."

"ನಮ್ಮದನ್ನ ಬೇರೆಯವರಿಗೆ ಕೊಟ್ಟಿರಾ?"

ಅವನು ಟಿಕೆಟ್ಟು ತಿರುಗಿಸಿ, ಹಿಂಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ಷರತ್ತುಗಳನ್ನು ಬೆರಳಿಟ್ಟು ತೋರಿಸಿದ. ಓದಿದೆ. ಕರೆದುಕೊಂಡು ಹೋಗದಿದ್ದರೆ ಅವರು ಏನು ಮಾಡಬೇಕು ಎಂಬುದು ಅದರಲ್ಲೆಲ್ಲೂ ಇರಲಿಲ್ಲ. ಆಗಲೇ ಸೂಟು ಹಾಕಿದ್ದ ಒಂದು ಗುಂಪು ನಗುತ್ತಾ ನಮ್ಮನ್ನು ದಾಟಿ ಒಳಗೆ ಹೋಯಿತು. ಅವರನ್ನು ಕಳಿಸಲು ದೊಡ್ಡ ಅಧಿಕಾರಿಯೊಬ್ಬರು ಬಾಗಿಲತನಕ ಬಂದಿದ್ದರು. ಮುಂದಿನ ವಿಮಾನ ಇನ್ನೊಂದು ವಾರಕ್ಕೆ. ಉಳಿಯಲು ಜಾಗ ಕೊಡಿ ಎಂದರೆ, ಅದು ನಮ್ಮ ಜವಾಬ್ದಾರಿಯಲ್ಲ ಎಂದ.

ಅಳಿಯನಿಗೆ ತಂತಿ ಕೊಟ್ಟು, ಆ ವಾರ ಸೆಂಟ್ರಲ್ ಸ್ಟೇಷನ್ನಿನ ಹತ್ತಿರದ ಛತ್ರದಲ್ಲಿ ಕಳೆದೆವು. ತಂದಿದ್ದ ರೊಟ್ಟಿ ಮುಗಿದ ಮೇಲೆ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮೊಸರನ್ನ. ಸೊಳ್ಳೆ ಕಾಟಕ್ಕೆ ಇಬ್ಬರಿಗೂ ನಿದ್ದೆ ಇಲ್ಲ. "ನೋವು ಶುರುವಾಗಿದ್ರೆ ಏನ್ ಮಾಡ್ತಾಳೋ," ಎಂದು ಇವರು ದಿನವೂ ಅದೇ ಮಾತನ್ನು ಆಡುತ್ತಿದ್ದರು. ನಾನು "ಇನ್ನೂ ದಿನ ಇದೆ ರೀ" ಎನ್ನುತ್ತಿದ್ದೆ. ದಿನ ಇರಲಿಲ್ಲವೆಂದು ನನಗೂ ಗೊತ್ತಿತ್ತು.

ಕೊನೆಗೂ ಸಿಂಗಪುರದಲ್ಲಿ ಇಳಿದಾಗ ಸಣ್ಣಗೆ ಮಳೆ. ಪಾಸ್‌ಪೋರ್ಟು ನೋಡುವ ಸಾಲಿನಲ್ಲಿ ನನ್ನದಕ್ಕೆ ಮುದ್ರೆ ಬಿತ್ತು. ಇವರದನ್ನು ಅಧಿಕಾರಿ ಕೈಯಲ್ಲೇ ಇಟ್ಟುಕೊಂಡು ಗೋಡೆಯ ಕಡೆ ತೋರಿಸಿದ. ಅಲ್ಲಿ ಹಿಪ್ಪಿಗಳನ್ನು ತಡೆಯಲು ಹಾಕಿದ ಚಿತ್ರವಿತ್ತು. ಗಂಡಸರ ಕೂದಲು ಹುಬ್ಬಿಗೆ ಬರಬಾರದು, ಕಿವಿ ಮುಚ್ಚಬಾರದು, ಕಾಲರಿನ ಕೆಳಗೆ ಇಳಿಯಬಾರದು. ಪಕ್ಕದಲ್ಲೇ ಕ್ಷೌರದ ಕುರ್ಚಿ ಇದೆ, ಕತ್ತರಿಸಿಕೊಂಡರೆ ಒಳಗೆ, ಇಲ್ಲದಿದ್ದರೆ ಬಂದ ವಿಮಾನದಲ್ಲೇ ವಾಪಸ್ಸು ಎಂದ.

ನಾನು ಇಂಗ್ಲಿಷಿನಲ್ಲಿ ಹರಕೆಯ ವಿಷಯ ಹೇಳಿದೆ. ಅವನು ಗದರಲಿಲ್ಲ, ನಗಲೂ ಇಲ್ಲ. "ಎಲ್ಲರೂ ಒಂದು ಕಾರಣ ಹೇಳುತ್ತಾರೆ" ಎಂದಷ್ಟೇ ಅಂದ.

ಇವರ ಕಡೆ ತಿರುಗಿ, "ಕತ್ತರಿಸ್ಕೊಂಡ್ ಬಿಡ್ರಿ. ದೇವರಿಗೆ ಅರ್ಥವಾಗುತ್ತೆ," ಎಂದೆ.

"ಹೆರಿಗೆ ಆಗಿಲ್ವಲ್ಲೇ ಇನ್ನೂ."

"ಆಗಿರಬಹುದು."

"ಆಗಿರಬಹುದು ಅಂತ ಕತ್ತರಿ ಹಾಕಿಸ್ಲಾ? ಈ ಸಲಾನೂ ಏನಾದ್ರೂ ಆದ್ರೆ ನಾನು ಅವಳ ಮುಖ ಹೆಂಗೆ ನೋಡ್ಲಿ?" ಚೀಲವನ್ನು ನನ್ನ ಕಡೆ ತಳ್ಳಿದರು. "ನೀನು ಹೋಗು. ಅವಳಿಗೆ ಬೇಕಾಗಿರೋದು ನೀನು."

ಹೊರಗೆ ಅಳಿಯ ಕಾಯುತ್ತಿರುತ್ತಾನೆ, ಒಂದು ಮಾತು ಕೇಳಿಕೊಂಡು ಬರುತ್ತೇನೆ ಎಂದು ಅಧಿಕಾರಿಯನ್ನು ಬೇಡಿದೆ. ಆಚೆ ಹೋದವರು ಮತ್ತೆ ಈಚೆ ಬರುವ ಹಾಗಿಲ್ಲ ಎಂದ. ಹೋದೆ. ಬೇರೆ ದಾರಿ ಇರಲಿಲ್ಲ.

ಗಾಜಿನ ಬಾಗಿಲಿನಾಚೆ ಬಸವರಾಜು ನಗುತ್ತಾ ನಿಂತಿದ್ದ. "ಅತ್ತೆ, ಗಂಡು ಮಗು. ಮೊನ್ನೇನೇ ಆಯ್ತು. ಇಬ್ಬರೂ ಚೆನ್ನಾಗಿದಾರೆ. ಮಾವ ಎಲ್ಲಿ?"

ಚೀಲವನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದೆ. ಕಾವಲಿನವನು ಅಡ್ಡ ನಿಂತ. ಅಳಿಯ ಅವನ ಜೊತೆ ಜಗಳವಾಡಿದ. ನಾನು ಗಾಜನ್ನು ಬಡಿದೆ. ತಮಿಳು ಬಲ್ಲ ನಿಲ್ದಾಣದ ಕೆಲಸದವಳೊಬ್ಬಳು ಬಂದು ಏನೆಂದು ಕೇಳಿದಳು. "ಮಗು ಹುಟ್ಟಿದೆ ಅಂತ ಅವರಿಗೆ ಹೇಳಮ್ಮ, ಅಷ್ಟು ಹೇಳಿದರೆ ಸಾಕು," ಎಂದು ಬಂದಷ್ಟು ತಮಿಳಿನಲ್ಲಿ ಅಂಗಲಾಚಿದೆ. ಅವಳು ಒಳಗೆ ಓಡಿದಳು. ತಿರುಗಿ ಬಂದಾಗ ನನ್ನ ಕಣ್ಣು ತಪ್ಪಿಸಿ ಮಾತಾಡಿದಳು. ಅವರನ್ನು ಆಗಲೇ ವಿಮಾನ ಹತ್ತಿಸಿದ್ದರು, ಬಾಗಿಲು ಹಾಕಿಯಾಗಿತ್ತು.

ಆ ಊರಿನಲ್ಲಿ ನಾನು ನೋಡಿದ್ದು ಬಹಳ ಕಡಿಮೆ. ಗುಡಿಸಿದಂತಿದ್ದ ರಸ್ತೆಗಳು, ದಿನಾ ಮಧ್ಯಾಹ್ನ ಸುರಿದು ನಿಲ್ಲುವ ಮಳೆ, ಹತ್ತನೆಯ ಮಹಡಿಯ ಮನೆ, ಕಿಟಕಿಯಾಚೆ ಬಿದಿರಿನ ಕೋಲಿಗೆ ಒಣಹಾಕಿದ ಬಟ್ಟೆ. ಕೂಸಿಗೆ ಎಣ್ಣೆ ನೀರು ಹಾಕಿದೆ, ಮಗಳಿಗೆ ಸಾರು ಅನ್ನ ಬಡಿಸಿದೆ. ಅಳಿಯ ಅವಳ ಅಪ್ಪನ ಹರಕೆಯನ್ನೂ ಅವರು ತಿರುಗಿ ಹೋದದ್ದನ್ನೂ ಮೊದಲ ದಿನವೇ ಹೇಳಿಬಿಟ್ಟಿದ್ದ. ಗಿರಿಜಾ ಅಳಲಿಲ್ಲ.

"ಬಾಗಿಲ ತನಕ ಬಂದು ವಾಪಸ್ ಹೋದ್ರು ಅಲ್ವಾಮ್ಮ?"

"ನಿನಗೋಸ್ಕರಾನೇ ಕಣೇ ಹೋಗಿದ್ದು."

"ನಾನು ಕೇಳಿದ್ನಾ? ಎರಡು ಸಲ ಮಣ್ಣು ಮಾಡಿದಾಗ್ಲೂ ಇಲ್ಲಿ ನಾನೊಬ್ಬಳೇ ಇದ್ದೆ. ಈ ಸಲ ಅಪ್ಪ ಬರ್ತಾರೆ ಅಂತಿದ್ದೆ. ಇನ್ನು ಅವರು ಬರೋದು ಬೇಡ."

ಏನು ಹೇಳಿದರೂ ಅವಳು ಅದರಿಂದ ಕದಲಲಿಲ್ಲ. ಹೊರಡುವ ದಿನ ಮಗುವಿನ ಫೋಟೊ ಕೇಳಿದೆ. "ತೆಗೆಸಿಲ್ಲ," ಎಂದಳು. ತೆಗೆಸಿದ್ದರು.

ವಾಪಸು ಬರುವಾಗ ವಿಮಾನದಲ್ಲಿ ನನಗೆ ಸೀಟಿತ್ತು. ಪಕ್ಕದ ಸೀಟು ಖಾಲಿ ಇತ್ತು.

ಬೆಂಗಳೂರು ಸಿಟಿ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಒಂದು ಕ್ಷಣ ಅವರ ಗುರುತೇ ಸಿಗಲಿಲ್ಲ. ತಲೆ ನುಣ್ಣಗಿತ್ತು. ಮನೆ ಸೇರಿದ ದಿನವೇ ಮಗು ಹುಟ್ಟಿದೆಯೆಂದು ಅಳಿಯ ಕಳಿಸಿದ್ದ ತಂತಿ ಬಾಗಿಲ ಸಂದಿಯಲ್ಲಿ ಸಿಕ್ಕಿತಂತೆ. ಮಾರನೆಯ ದಿನವೇ ಊರಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದರು. ಈಗ ಅವರನ್ನು ಯಾವ ದೇಶವೂ ತಡೆಯುವಂತಿರಲಿಲ್ಲ. ಮತ್ತೊಂದು ಟಿಕೆಟ್ಟು ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಆಟೋದಲ್ಲಿ ಮಗು ಯಾರ ಹಾಗಿದೆ, ಎಷ್ಟು ತೂಕ, ರಾತ್ರಿ ಅಳುತ್ತಾನಾ ಎಂದು ಒಂದೊಂದೇ ಕೇಳಿದರು. ಹೇಳಿದೆ. ಓಕಳಿಪುರ ದಾಟಿದ ಮೇಲೆ, "ಗಿರಿಜಾ ನನ್ನ ಬಗ್ಗೆ ಏನಂದ್ಲು?" ಎಂದರು.

"ಏನೂ ಅನ್ನಲಿಲ್ಲ."

ಮೂವತ್ತು ವರ್ಷ ಜೊತೆಗೆ ಬಾಳಿದವರಿಗೆ ನನ್ನ ಸುಳ್ಳು ಗೊತ್ತಾಗದೆ ಇರುತ್ತದೆಯೇ. "ಹೂಂ," ಎಂದು ರಸ್ತೆಯ ಕಡೆ ಮುಖ ತಿರುಗಿಸಿದರು. ಮನೆಯ ಮುಂದೆ ಆಟೋ ನಿಂತ ಮೇಲೂ ಅವರು ಹಾಗೆಯೇ ಕುಳಿತಿದ್ದರು. ನಾನೇ ಇಳಿದು ಚೀಲ ಎತ್ತಿಕೊಂಡೆ.